ಒಂದನೇ ತರಗತಿಯವರಿಗೆ ಓಡೋದನ್ನೂ ಕಲಿಸಬೇಕಾ?

ಜಗಲಿ ಟೀಚರ್:

ನಾನು ಅಂಕೋಲಾ ಕಡೆಯ ಒಂದು ಸಣ್ಣ ಶಾಲೆಯಲ್ಲಿ ನಲಿ-ಕಲಿ ಟೀಚರ್. 1, 2, 3 ಮೂರೂ ತರಗತಿಗೆ ಒಂದೇ ಕೋಣೆ. ಒಟ್ಟು 23 ಮಕ್ಕಳು. ಜೂನ್‌ನಿಂದ ದಿನಾ ಊಟದ ಬೆಲ್ಲಿಗೆ ಮುಂಚೆ 25 ನಿಮಿಷ ಕುಂಟುವುದು, ಜಿಗಿದು ಇಳಿಯುವುದು, ಎಸೆಯುವುದು, ಹಿಡಿಯುವುದು ಕಲಿಸುತ್ತಿದ್ದೇನೆ. ಆಡಿಸುತ್ತಿಲ್ಲ, ಕಲಿಸುತ್ತಿದ್ದೇನೆ. ಜಗಳ ಶುರುವಾಗಿದ್ದೇ ಅಲ್ಲಿ.

ಹೋದ ವಾರ ಪಾಲಕರ ಸಭೆ ಇತ್ತು. ಒಬ್ಬರು ಎದ್ದು ನಿಂತು, "ಮೀನಿನ ಮರಿಗೆ ಈಜು ಕಲಿಸಿದ ಹಾಗಾಯ್ತಲ್ಲ ಟೀಚರೇ. ಆ ಹೊತ್ತಿಗೆ ಮಗ್ಗಿ ಹೇಳಿಸಿ" ಅಂದರು. ಎಲ್ಲರೂ ನಕ್ಕರು. ನನಗೂ ನಗು ಬಂತು. ಉತ್ತರ ಹೊಳೆದದ್ದು ಮನೆಗೆ ಬಂದು ಮೀನು ಹೆಚ್ಚುವಾಗ.

ನಾನು ಕಂಡದ್ದು ಇಷ್ಟು. ಶಾಲೆ ಶುರುವಾದ ವಾರ ಒಂಟಿ ಕಾಲಲ್ಲಿ 5 ಸಲ ಕುಂಟಿ ಅಂದೆ. ಒಂದನೇ ತರಗತಿಯ ಅರ್ಧ ಮಕ್ಕಳು ಎರಡನೇ ಸಲಕ್ಕೇ ಇನ್ನೊಂದು ಕಾಲು ಊರಿದರು. ಚೆಂಡು ಬಂದರೆ ಕಣ್ಣು ಮುಚ್ಚಿ ಮುಖ ತಿರುಗಿಸುತ್ತಾರೆ. ಬೆಂಚಿನಿಂದ ಜಿಗಿದರೆ ಕಾಲು ಗೂಟದ ಹಾಗೆ ನೆಟ್ಟಗೆ, ಧಡ್ ಅಂತ ಸದ್ದು. ಇವರೆಲ್ಲ ಕಡಲ ಬದಿಯ ಮಕ್ಕಳು, ಪೇಟೆಯವರಲ್ಲ. ನೀವೇನಂತೀರಿ? ಕಲಿಸಬೇಕಾ? ಇಲ್ಲಾ ಬಿಟ್ಟರೆ ತಾನಾಗಿ ಬರುತ್ತದಾ?

ಸೀಟಿ ಮೇಷ್ಟ್ರು:

ಕುಮಟಾ, ಹೊನ್ನಾವರ ಸುತ್ತಮುತ್ತ 31 ವರ್ಷ ಸೀಟಿ ಊದಿ ನಿವೃತ್ತನಾದವನು ನಾನು. ಟೀಚರೇ, ನಿಮ್ಮ ಉತ್ಸಾಹಕ್ಕೆ ನಮಸ್ಕಾರ. ಆದರೆ ಆ ಪಾಲಕರ ಮಾತು ಪೂರ್ತಿ ತಪ್ಪಲ್ಲ. ಸಣ್ಣವರನ್ನು ಬಯಲಿಗೆ ಬಿಡಿ, ಸಾಕು. ನಮಗೆ ಯಾರು ಕಲಿಸಿದ್ದರು? ಮಳೆಗಾಲದಲ್ಲಿ ಶಾಲೆಗೆ ಹೋಗಲು ಎರಡು ಸಂಕ, ಅಂದರೆ ಕಾಲುಸೇತುವೆ, ದಾಟಬೇಕಿತ್ತು. ಅಡಿಕೆ ಮರದ ಸಂಕ, ಮೇಲೆ ಪಾಚಿ, ಕೆಳಗೆ ಕೆಂಪು ನೀರು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚಪ್ಪಲಿ. ಸಮತೋಲನ ಅಂತ ಯಾರೂ ಪಾಠ ಮಾಡಲಿಲ್ಲ. ಪಕ್ಕದ ಮನೆಯ ಮಾವಿನಕಾಯಿಗೆ ಕಲ್ಲು ಬೀಸಿ ಗುರಿ ಕಲಿತೆವು. ಆ ಮನೆಯವರು ಅಟ್ಟಿಸಿಕೊಂಡು ಬಂದಾಗ ಓಟ ಕಲಿತೆವು.

ಕೌಶಲ ಏನಿದ್ದರೂ ಐದನೇ ತರಗತಿಯ ಮೇಲೆ. ಆಗ ಮೈಗೆ ಬಲ ಬಂದಿರುತ್ತದೆ. ಆರು ವರ್ಷದವನಿಗೆ "ಕಾಲು ಹೀಗಿಡು, ಕೈ ಹಾಗಿಡು" ಅಂದರೆ ಆಟದ ಮೇಲೇ ಬೇಜಾರು ಬಂದೀತು.

ಹಾಳೆಟೊಪ್ಪಿ:

ಶಿರಸಿ ಕಡೆಯ ತೋಟದವ. ಮೇಷ್ಟ್ರೇ, ನೀವು ಹೇಳುವ ಸಂಕ ಈಗ ಎಲ್ಲಿದೆ? ನಮ್ಮೂರಲ್ಲಿ ಅದರ ಜಾಗಕ್ಕೆ ಸಿಮೆಂಟ್ ಸೇತುವೆ ಬಂತು. ಒಳ್ಳೆಯದೇ ಆಯ್ತು. ಸಂಕದಿಂದ ಬಿದ್ದವರ ಕತೆ ಕೇಳುತ್ತಲೇ ದೊಡ್ಡವರಾದೆವು, ಅದು ಸಾಕು. ಈಗ ವ್ಯಾನು ಅಂಗಳಕ್ಕೇ ಬರುತ್ತದೆ. ನನ್ನ ಮಾಣಿಗೆ 6 ವರ್ಷ. ಪೇರಲೆ ಮರ ಹತ್ತಲು ಅವನ ಅಜ್ಜಿ ಬಿಡುವುದಿಲ್ಲ. ಮೊಬೈಲಿನಲ್ಲಿ ಮಾತ್ರ ಬಹಳ ಚೆನ್ನಾಗಿ ಹಾರುತ್ತಾನೆ.

ಕಾಳಿ ದಂಡೆ:

ಕಾರವಾರದಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಬರುವವರಲ್ಲಿ ಮಕ್ಕಳೇ ಜಾಸ್ತಿ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

"ತಾನಾಗಿ ಬರುತ್ತದೆ" ಅನ್ನುವುದರಲ್ಲಿ ಅರ್ಧ ಸತ್ಯ ಇದೆ. ನಡೆಯುವುದು, ಹೇಗೋ ಒಂದು ಓಟ, ಹೇಗೋ ಒಂದು ಎಸೆತ, ಇಷ್ಟು ಬೆಳೆಯುತ್ತಾ ಬರುತ್ತದೆ. ಅಲ್ಲಿಂದ ಮುಂದಕ್ಕೆ ಅಭ್ಯಾಸ ಬೇಕು. ಯಾರಾದರೂ ತೋರಿಸಿಕೊಡಬೇಕು. ಎಸೆತವನ್ನೇ ನೋಡಿ. ಸಣ್ಣ ಮಗು ಮೊದಲು ಬರೀ ಮೊಣಕೈಯಿಂದ ಚೆಂಡನ್ನು ಮುಂದಕ್ಕೆ ತಳ್ಳುತ್ತದೆ. ಕಾಲು ಅಲ್ಲಾಡುವುದಿಲ್ಲ. ಆಮೇಲೆ ಬಲಗೈಯಲ್ಲಿ ಎಸೆಯುವಾಗ ಬಲಗಾಲನ್ನೇ ಮುಂದಿಡುತ್ತದೆ. ಕೊನೆಯ ಹಂತದಲ್ಲಿ ಎಡಗಾಲು ಮುಂದೆ ಬಂದು, ಸೊಂಟ ತಿರುಗಿ, ಆಮೇಲೆ ಭುಜ, ಆಮೇಲೆ ಕೈ. ಬಲಗಾಲಿನ ಹಂತದಲ್ಲೇ ನಿಂತುಬಿಟ್ಟ ದೊಡ್ಡವರು ಬೇಕಾದಷ್ಟು ಜನ ಇದ್ದಾರೆ. ಮದುವೆ ಮನೆಯ ಕ್ರಿಕೆಟ್ಟಿನಲ್ಲಿ ನೋಡಿ, ತಕ್ಷಣ ಗೊತ್ತಾಗುತ್ತಾರೆ.

ಇದನ್ನು ಅಳೆಯುವುದಕ್ಕೂ ಒಂದು ಕ್ರಮ ಇದೆ. ಡೇಲ್ ಉಲ್ರಿಚ್ ಅನ್ನುವವರು 1985ರಲ್ಲಿ ಮಾಡಿದ ಪರೀಕ್ಷೆ, ಟಿಜಿಎಂಡಿ ಅಂತಾರೆ. ಅದರ ಮೂರನೇ ಆವೃತ್ತಿಯಲ್ಲಿ 13 ಕೌಶಲಗಳಿವೆ. ಓಟ, ಕುದುರೆ ಓಟ, ಕುಂಟು, ಜಿಗಿತ ಇಂಥವು 6. ಚೆಂಡಿನವು 7. ಎಷ್ಟು ದೂರ ಹಾರಿದ, ಎಷ್ಟು ಬೇಗ ಓಡಿದ ಅಂತ ಅದು ಕೇಳುವುದೇ ಇಲ್ಲ. ಹೇಗೆ ಹಾರಿದ ಅಂತ ಮಾತ್ರ ನೋಡುತ್ತದೆ. ಜಿಗಿಯುವ ಮುಂಚೆ ಮಂಡಿ ಬಗ್ಗಿತಾ? ಕೈ ಹಿಂದೆ ಹೋಗಿತ್ತಾ? ಎರಡೂ ಪಾದ ಒಟ್ಟಿಗೆ ಇಳಿಯಿತಾ?

ಐದನೇ ತರಗತಿಯ ಮೇಲೆ ಕಲಿಸೋಣ ಅಂದಿರಿ ಮೇಷ್ಟ್ರೇ. ಅಷ್ಟು ಹೊತ್ತಿಗೆ ಮಗು ತಾನೇ ತೀರ್ಮಾನ ಮಾಡಿಯಾಗಿರುತ್ತದೆ, "ನನಗೆ ಆಟ ಬರುವುದಿಲ್ಲ" ಅಂತ. ವರ್ನ್ ಸೀಫೆಲ್ಟ್ ಅನ್ನುವ ಅಮೆರಿಕದ ಪ್ರಾಧ್ಯಾಪಕರು 1980ರಲ್ಲಿ ಇದನ್ನು ಒಂದು ತಡೆಗೋಡೆಗೆ ಹೋಲಿಸಿದ್ದರು. ಬುಡದ ಕೌಶಲ ಇಲ್ಲದ ಮಗು ಆ ಗೋಡೆಯ ಈಚೆಗೇ ಉಳಿಯುತ್ತದೆ. ಹಿಡಿಯಲು ಬಾರದವನನ್ನು ಲಗೋರಿಗೆ ಯಾರು ಸೇರಿಸಿಕೊಳ್ಳುತ್ತಾರೆ? ಸೇರಿಸಿಕೊಳ್ಳದೆ ಅವನು ಹಿಡಿಯುವುದನ್ನು ಕಲಿಯುವುದು ಯಾವಾಗ?

ಸೀಟಿ ಮೇಷ್ಟ್ರು:

ಅಮೆರಿಕದ ಮಕ್ಕಳು ಸೋಫಾ ಮೇಲೆ ಬೆಳೆದವರು, ಅವರಿಗೆ ಬೇಕಾದೀತು. ನಮ್ಮ ಜಿಲ್ಲೆಯವರನ್ನೇ ನೋಡಿ. ಯಲ್ಲಾಪುರ, ಹಳಿಯಾಳದ ಸಿದ್ದಿ ಮಕ್ಕಳಿಗೆ ಓಟ ಯಾರು ಕಲಿಸಿದರು? ರಕ್ತದಲ್ಲೇ ಇದೆ.

ಯಲ್ಲಾಪುರದವ:

ಮೇಷ್ಟ್ರೇ, ನಾನು ಸಿದ್ದಿ. ಈ ಮಾತು ಹೊಗಳಿಕೆಯ ಹಾಗೆ ಕೇಳಿಸುತ್ತದೆ. ನಮ್ಮ ಪಾಲಿಗೆ ಅದು ಹಾಗಿಲ್ಲ.

1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳಿಗಾಗಿ ಒಂದು ಯೋಜನೆ ಶುರು ಮಾಡಿತು. ಆಫ್ರಿಕಾ ಮೂಲದವರು ಅಂದ ಮೇಲೆ ಓಟ ಇದ್ದೇ ಇರುತ್ತದೆ ಅನ್ನುವ ಲೆಕ್ಕ. ಮಕ್ಕಳನ್ನು ಆರಿಸಿ ಹಾಸ್ಟೆಲಿಗೆ ಕರೆದುಕೊಂಡು ಹೋದರು. ಪದಕಗಳೂ ಬಂದವು. 1993ರಲ್ಲಿ ಯೋಜನೆ ನಿಂತಿತು, ಮಕ್ಕಳು ಊರಿಗೆ ಬಂದರು. ನನ್ನ ಪ್ರಶ್ನೆ ಇಷ್ಟೇ. ಪದಕ ರಕ್ತದಿಂದಲೇ ಬಂದಿದ್ದರೆ, ಯೋಜನೆ ನಿಂತ ಮೇಲೂ ಬರುತ್ತಲೇ ಇರಬೇಕಿತ್ತಲ್ಲ? ರಕ್ತ ಎಲ್ಲಿಗೂ ಹೋಗಿರಲಿಲ್ಲ. ಹೋದದ್ದು ಕೋಚು, ಮೈದಾನ, ಹೊಟ್ಟೆ ತುಂಬಾ ಊಟ.

ಇನ್ನೊಂದು. ಅದೇ ರಕ್ತ ನನ್ನಲ್ಲೂ ಇದೆ. ಏಳನೇ ತರಗತಿವರೆಗೆ ನನಗೆ ಚೆಂಡು ಹಿಡಿಯಲು ಬರುತ್ತಿರಲಿಲ್ಲ. ಯಾರೂ ಕಲಿಸಲಿಲ್ಲ. ಕೇಳದೆಯೇ 100 ಮೀಟರ್, 200 ಮೀಟರ್ ಓಟಕ್ಕೆ ಹೆಸರು ಬರೆದುಕೊಂಡು ಹೋಗುತ್ತಿದ್ದರು. "ಇವನಿಗೆ ಹುಟ್ಟುವಾಗಲೇ ಬಂದಿದೆ" ಅಂದುಬಿಟ್ಟರೆ ಕಲಿಸುವ ಕೆಲಸ ತಪ್ಪಿತು ನೋಡಿ.

ಸೀಟಿ ಮೇಷ್ಟ್ರು:

ಆ ಮಾತು ವಾಪಸು ತಗೊಂಡೆ ತಮ್ಮಾ. ನಾನೂ ಹಾಗೇ ಹೆಸರು ಬರೆದುಕೊಂಡವನು. ಈಗ ಒಬ್ಬಿಬ್ಬರ ಮುಖ ನೆನಪಾಗುತ್ತಿದೆ.

ಆದರೂ ಒಂದು ವಿಷಯ ಬಿಡುವುದಿಲ್ಲ. ಕಲಿಸುವವರು ಯಾರು? 2009ರ ಶಿಕ್ಷಣ ಹಕ್ಕು ಕಾಯ್ದೆ ತೆಗೆದು ನೋಡಿ. ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರ ಮಾತು ಬರುವುದು 6ರಿಂದ 8ನೇ ತರಗತಿಗೆ. ಅದೂ ಮಕ್ಕಳು 100ಕ್ಕಿಂತ ಜಾಸ್ತಿ ಇದ್ದರೆ. 1ರಿಂದ 5ಕ್ಕೆ ಆ ಮಾತೇ ಇಲ್ಲ. ನಮ್ಮ ಕರಾವಳಿಯಲ್ಲಿ ಎಷ್ಟು ಶಾಲೆಗಳಲ್ಲಿ 100 ಮಕ್ಕಳಿದ್ದಾರೆ? ಟೀಚರೊಬ್ಬರೇ ಅಕ್ಷರ ಕಲಿಸಬೇಕು, ಬಿಸಿಯೂಟ ನೋಡಬೇಕು, ಈಗ ಕುಂಟುವುದನ್ನೂ ಕಲಿಸಬೇಕಾ?

ಜಗಲಿ ಟೀಚರ್:

ಹೌದು, ನಾನೇ. ಬೇರೆ ಯಾರೂ ಬರುವುದಿಲ್ಲ ಅಂತ ಗೊತ್ತಾದ ಮೇಲೆ ಕಾಯುವುದು ಬಿಟ್ಟೆ. ಪಿಟಿ ಡಿಗ್ರಿ ಇಲ್ಲ ನನಗೆ. ನಲಿ-ಕಲಿ ಅನ್ನುವ ಹೆಸರಿನಲ್ಲಿ ಮೊದಲು ಇರುವುದು ನಲಿ. ಅದಕ್ಕೇನು ಅರ್ಥ?

ಎರಡು ಜಡೆ:

ಹೊನ್ನಾವರದಿಂದ. ಮಗಳು ಎರಡನೇ ತರಗತಿ. ನನ್ನ ತಕರಾರು ಬೇರೆ. ಕಲಿಸುತ್ತಾರೋ ಬಿಡುತ್ತಾರೋ, ಮೊದಲು ಈ ಔಟ್ ಮಾಡುವ ಆಟ ನಿಲ್ಲಿಸಿ. ಮಗಳ ಹಿಂದಿನ ಶಾಲೆಯಲ್ಲಿ ಪಿಟಿ ಪಿರಿಯಡ್ ಅಂದರೆ ಕೆರೆ-ದಡ, ಇಲ್ಲಾ ಮ್ಯೂಸಿಕಲ್ ಚೇರ್. ಇವಳು ಪ್ರತಿ ಸಲ ಮೊದಲನೇ ಸುತ್ತಿಗೇ ಔಟ್. ಉಳಿದ ಅರ್ಧ ಗಂಟೆ ಗೋಡೆಗೆ ಒರಗಿ ಕೂರುವುದು. ವರ್ಷ ಪೂರ್ತಿ ಹೀಗೇ. ಚೆನ್ನಾಗಿ ಬರುವವರು ಆಡುತ್ತಲೇ ಇದ್ದರು, ಬಾರದವಳು ಕೂತೇ ಇದ್ದಳು. ಕೇಳಿದರೆ "ಮಗು ಸ್ವಲ್ಪ ಮಂದ" ಅಂದರು. ಶಾಲೆ ಬದಲಿಸಿದೆವು. ಆ ಮಾತು ಮಾತ್ರ ಅವಳ ಜೊತೆಗೇ ಬಂತು.

ಕಾಳಿ ದಂಡೆ:

ಮಂದ ಅನ್ನುವ ಮಾತನ್ನು ಮೊದಲು ಎತ್ತಿ ಹೊರಗೆ ಹಾಕಿ. ಪೆನ್ಸಿಲ್ ಹಿಡಿಯುವುದು, ಗುಂಡಿ ಹಾಕುವುದು, ಮೆಟ್ಟಿಲು ಇಳಿಯುವುದು ಇವೂ ಅವಳಿಗೆ ತುಂಬಾ ಕಷ್ಟ ಆಗುತ್ತಿದ್ದರೆ ಒಮ್ಮೆ ತೋರಿಸಿ. ಚಲನೆಯ ಹೊಂದಾಣಿಕೆಯಲ್ಲೇ ತೊಡಕಿರುವ ಮಕ್ಕಳು ನೂರಕ್ಕೆ 5-6 ಇರುತ್ತಾರೆ. ಡಿಸಿಡಿ ಅಂತ ಕರೆಯುತ್ತಾರೆ. ಬುದ್ಧಿಗೂ ಅದಕ್ಕೂ ಸಂಬಂಧ ಇಲ್ಲ. ಅಭ್ಯಾಸದಿಂದ ಸುಧಾರಿಸುತ್ತದೆ. ಹಾಗೇನೂ ಇಲ್ಲದಿದ್ದರೆ ಇನ್ನೂ ಸುಲಭ. ಅವಳಿಗೆ ಬೇಕಿದ್ದದ್ದು ಜಾಸ್ತಿ ಸರದಿ, ಸಿಕ್ಕಿದ್ದು ಕಡಿಮೆ ಸರದಿ.

ಎರಡು ಜಡೆ:

ಮೆಟ್ಟಿಲು, ಗುಂಡಿ ಎಲ್ಲ ಸರಿ ಇದೆ. ಕುಂಟೆಬಿಲ್ಲೆ ಅಂತೂ ನನಗಿಂತ ಚೆನ್ನಾಗಿ ಆಡುತ್ತಾಳೆ. ಎಸೆಯುವುದು, ಹಿಡಿಯುವುದು ಮಾತ್ರ ಇಲ್ಲ.

ಕಾಳಿ ದಂಡೆ:

ಹಾಗಾದರೆ ಉತ್ತರ ನೀವೇ ಹೇಳಿದಿರಿ. ಕುಂಟೆಬಿಲ್ಲೆ ಆಡಲು ಬಿಟ್ಟರು, ಕುಂಟುವುದು ಬಂತು. ಮಾವಿನಕಾಯಿಗೆ ಕಲ್ಲು ಬೀಸಲು ಬಿಟ್ಟರಾ? ಗಂಡು-ಹೆಣ್ಣು ಮಕ್ಕಳ ಚಲನೆಯನ್ನು ಹೋಲಿಸಿ ನೋಡಿದವರಿಗೆ ಅತಿ ದೊಡ್ಡ ಅಂತರ ಕಂಡದ್ದು ಎಸೆತದಲ್ಲೇ. ಎಲ್ಲವನ್ನೂ ಅಭ್ಯಾಸದ ಲೆಕ್ಕಕ್ಕೆ ಹಾಕುವುದಿಲ್ಲ ನಾನು. ಆದರೆ ಅದರದ್ದೂ ಒಂದು ಪಾಲು ಇದೆ. ಸೀಟಿ ಮೇಷ್ಟ್ರ ಮಾವಿನ ತೋಪಿನಲ್ಲಿ ಎಷ್ಟು ಹುಡುಗಿಯರಿದ್ದರು, ಕೇಳಿ.

ಸೀಟಿ ಮೇಷ್ಟ್ರು:

ಇಬ್ಬರಿದ್ದರು. ಒಬ್ಬಳು ನಮ್ಮ ಅಕ್ಕ. ಅವಳ ಗುರಿ ನಮಗಿಂತ ಚೆನ್ನಾಗಿತ್ತು, ಬೈಗುಳವೂ ಅವಳಿಗೇ ಜಾಸ್ತಿ ಬಿತ್ತು.

ಬೆಂಗಳೂರಲ್ಲಿರೋ ಭಟ್ಕಳದವ:

ಸುಮ್ನೆ ಇಷ್ಟೆಲ್ಲ ಯಾಕೆ? ಖೇಲೋ ಇಂಡಿಯಾ ಆ್ಯಪ್ ಇದೆಯಲ್ಲ. 5ರಿಂದ 8 ವರ್ಷದವರಿಗೆ ಮೂರೇ ಪರೀಕ್ಷೆ. ಎತ್ತರ-ತೂಕ, ಒಂಟಿ ಕಾಲಲ್ಲಿ ನಿಲ್ಲುವ ಫ್ಲೆಮಿಂಗೊ, ಎರಡು ಬಿಲ್ಲೆಗಳ ನಡುವೆ ಬೇಗ ಬೇಗ ಕೈ ಆಡಿಸುವ ಪ್ಲೇಟ್ ಟ್ಯಾಪಿಂಗ್. ಅಂಕ ಹಾಕಿದರೆ ಮುಗಿಯಿತು.

ಜಗಲಿ ಟೀಚರ್:

ಅಂಕ ಹಾಕಿದರೆ ಅಂಕ ಸಿಗುತ್ತದೆ, ಅಷ್ಟೇ. ಒಂದು ನಿಮಿಷದಲ್ಲಿ ಎಷ್ಟು ಸಲ ಕಾಲು ಜಾರಿತು ಅಂತ ಎಣಿಸಿ ಬರೆದೆ. ಎಣಿಸಿದ್ದರಿಂದ ಯಾರ ಕಾಲೂ ಗಟ್ಟಿಯಾಗಲಿಲ್ಲ. ನೆರಳಿಗೆ ನಿಲ್ಲಿಸಿ, ಎದುರಿನ ಕಂಬದ ಒಂದು ಗುರುತನ್ನೇ ದಿಟ್ಟಿಸಿ ನೋಡಲು ಹೇಳಿದ ಮೇಲೆ ಜಾರುವುದು ಕಡಿಮೆಯಾಯ್ತು. ಅದನ್ನು ಆ್ಯಪ್ ಹೇಳಿಕೊಡಲಿಲ್ಲ.

ಈಗ ನನ್ನ ನಿಜವಾದ ಕಷ್ಟಕ್ಕೆ ಬರುತ್ತೇನೆ. ಮಳೆ. ಕಾರವಾರದಿಂದ ಭಟ್ಕಳದವರೆಗೆ ವರ್ಷಕ್ಕೆ 3,000 ಮಿಲಿಮೀಟರ್ ಮೇಲೆ ಸುರಿಯುತ್ತದೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ನಮ್ಮ ಶಾಲೆ ಶುರುವಾಗುವುದೂ ಆಗಲೇ. ಬಯಲಿಗೆ ಬಿಡಿ ಅಂದರಲ್ಲ ಮೇಷ್ಟ್ರು, ಬಯಲಲ್ಲಿ ಮೊಣಕಾಲುದ್ದ ನೀರು. ನನಗಿರುವುದು ಹಂಚಿನ ಮಾಡಿನ ಒಂದು ಜಗಲಿ. ಅಗಲ ಎರಡು ಮಾರು, ಉದ್ದ ಸುಮಾರು 12 ಮಾರು. ಚೆಂಡು ಎರಡೇ ಎರಡು. ಒಂದಕ್ಕೆ ಗಾಳಿ ನಿಲ್ಲುವುದಿಲ್ಲ.

ಚೌಕಿಮನೆ:

ಗುಣವಂತೆ ಹತ್ತಿರದವ ನಾನು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಯಕ್ಷಗಾನ ಮೇಳ ಕಟ್ಟಿದ ಊರು. ನಮ್ಮ ಕಡೆ ಮಕ್ಕಳು ಮಳೆಗಾಲದಲ್ಲಿ ಹೆಜ್ಜೆ ಕಲಿಯುವುದು ಜಗಲಿಯಲ್ಲೇ. ನಿಮ್ಮದಕ್ಕಿಂತ ಸಣ್ಣ ಜಗಲಿ. ಯಕ್ಷಗಾನದ ಹೆಜ್ಜೆ ಕಲಿಸಿ. ಮೊದಲು ಬಾಯಲ್ಲಿ ತಾಳ, ಆಮೇಲೆ ಕೈ, ಕೊನೆಗೆ ಕಾಲು. ಮಂಡಿ ಬಗ್ಗಿಸಿ ನಿಲ್ಲುವುದು, ಕಾಲು ಬದಲಿಸುವುದು, ತಿರುಗಿ ಅದೇ ಜಾಗಕ್ಕೆ ಬರುವುದು, ಎಲ್ಲ ಅದರಲ್ಲೇ ಇದೆ.

ಸೀಟಿ ಮೇಷ್ಟ್ರು:

ಅದು ಕಲೆ ಮಾರಾಯರೇ. ಪಿಟಿಗೆ ತಂದು ಹಾಕಬೇಡಿ. ನಾಳೆ ಭಾಗವತರನ್ನೂ ನೇಮಿಸಿ ಅಂತೀರಿ.

ಚೌಕಿಮನೆ:

ನಾನೂ ಅದನ್ನೇ ಹೇಳಬೇಕೆಂದಿದ್ದೆ. ಪ್ರಸಂಗ ಆಡಿಸಿ ಅನ್ನುತ್ತಿಲ್ಲ. ಏಕತಾಳದ 4 ಎಣಿಕೆ ಹೇಳುತ್ತಾ ನಡೆಯುವುದು, ಒಂದು ಎಣಿಕೆಗೆ ನಿಲ್ಲುವುದು. ಅಷ್ಟು ಸಾಕು. ತಾಳ ಬಾಯಲ್ಲಿ ಬಂದರೆ ಕಾಲು ತಾನಾಗಿ... ಅಯ್ಯೋ, ಆ ಪದ ಬಳಸಬಾರದು ಅಲ್ವಾ ಇಲ್ಲಿ.

ಜಗಲಿ ಟೀಚರ್:

ಬಳಸಿ, ಪರವಾಗಿಲ್ಲ. ಇದು ನನಗೆ ಉಪಯೋಗಕ್ಕೆ ಬಂತು. ಒಂದು ಹೆಜ್ಜೆ, ಅದೇ ಕಾಲಲ್ಲಿ ಒಂದು ಕುಪ್ಪಳಿಕೆ, ಮತ್ತೆ ಇನ್ನೊಂದು ಕಾಲು, ಇದು ಒಂದನೇ ತರಗತಿಯವರಿಗೆ ಬರುತ್ತಲೇ ಇರಲಿಲ್ಲ. ಒಂದೇ ಕಾಲು ಮುಂದಿಟ್ಟು ಓಡುವ ಕುದುರೆ ಓಟ ಬೇಗ ಬಂತು. ಇದು ಮಾತ್ರ ಇಲ್ಲ. ನಿನ್ನೆ "ತಾ-ಹಾರು, ತಾ-ಹಾರು" ಅಂತ ಬಾಯಲ್ಲಿ ಹೇಳಿಸಿದೆ. ನಾಲ್ಕು ಮಕ್ಕಳಿಗೆ ಅಲ್ಲೇ ಬಂದುಬಿಟ್ಟಿತು. ಉಳಿದವರು ಬಾಯಲ್ಲಿ ಮಾತ್ರ ಹಾರುತ್ತಿದ್ದಾರೆ.

ಕಾಳಿ ದಂಡೆ:

ಆರು ವರ್ಷಕ್ಕೆ ಅದು ಕಷ್ಟವೇ, ಕಾಯಿರಿ. ಚೆಂಡಿನ ವಿಷಯ ಹೇಳುತ್ತೇನೆ. ಎರಡು ಚೆಂಡು, 23 ಮಕ್ಕಳು ಅಂದರೆ ಮಗು ಸಾಲಿನಲ್ಲಿ ನಿಲ್ಲುವುದನ್ನು ಮಾತ್ರ ಕಲಿಯುತ್ತದೆ. ಮಗುವಿಗೊಂದು ಎಸೆಯುವ ವಸ್ತು ಬೇಕು. ಹಳೆಯ ಕಾಲುಚೀಲಕ್ಕೆ ಬಟ್ಟೆ ತುಂಬಿ ಗಂಟು ಹಾಕಿ. ತೆಂಗಿನ ಗರಿಯ ಚೆಂಡು ಹೆಣೆಯಲು ಬರುವ ಅಜ್ಜಂದಿರು ಇನ್ನೂ ಇದ್ದಾರೆ, ಅವರನ್ನು ಕರೆಸಿ. ಹಿಡಿಯುವುದಕ್ಕೆ ಮೊದಲು ಚೆಂಡೇ ಬೇಡ. ತೆಳು ದುಪಟ್ಟಾ ತುಂಡು ಮೇಲಕ್ಕೆ ಹಾರಿಸಿ ಹಿಡಿಯಲಿ. ನಿಧಾನ ಇಳಿಯುತ್ತದೆ, ಮುಖಕ್ಕೆ ಬಿದ್ದರೂ ನೋವಾಗುವುದಿಲ್ಲ. ಕಣ್ಣು ಮುಚ್ಚುವ ಅಭ್ಯಾಸ ಹೋಗುವುದು ಹೀಗೆ. ಆಮೇಲೆ ಬಲೂನು, ಆಮೇಲೆ ದೊಡ್ಡ ಮೆತ್ತನೆಯ ಚೆಂಡು. ಗೋಡೆಯ ಬಣ್ಣಕ್ಕಿಂತ ಬೇರೆ ಬಣ್ಣದ್ದಿರಲಿ, ಕಾಣಬೇಕಲ್ಲ.

ಎಸೆಯುವಾಗ ಗುರಿ ಇಡಬೇಡಿ, ಶುರುವಿನಲ್ಲಂತೂ ಬೇಡವೇ ಬೇಡ. ಬಕೆಟ್ಟಿಗೆ ಹಾಕು ಅಂದರೆ ಮಗು ಹೆದರಿ ಮೆಲ್ಲಗೆ ತಳ್ಳುತ್ತದೆ, ಸೊಂಟ ತಿರುಗುವುದೇ ಇಲ್ಲ. "ಗೋಡೆಗೆ ಜೋರಾಗಿ ಹೊಡಿ, ಸದ್ದು ಬರಲಿ" ಅನ್ನಿ. ಜೋರಾಗಿ ಎಸೆಯಲು ಹೋದಾಗ ಮೈ ತಿರುಗಲೇಬೇಕು. ಗುರಿ ಆಮೇಲೆ. ಎಡಗಾಲಿಗೆ ಒಂದು ಕೆಂಪು ದಾರ ಕಟ್ಟಿ, "ಕೆಂಪು ಕಾಲು ಮುಂದೆ" ಅಂದರೆ ಸಾಕು. ಎಡಗೈಯವರಿಗೆ ಬಲಗಾಲಿಗೆ ಕಟ್ಟಿ, ಮರೆಯಬೇಡಿ. ಒಂದು ದಿನಕ್ಕೆ ಒಂದೇ ಸೂಚನೆ.

ಸೀಟಿ ಮೇಷ್ಟ್ರು:

ಗುರಿಯ ವಿಷಯ ನನಗೆ ಗೊತ್ತಿರಲಿಲ್ಲ. 31 ವರ್ಷ ಬಕೆಟ್ ಇಟ್ಟೇ ಕಲಿಸಿದ್ದು. ಮೆಲ್ಲಗೆ ತಳ್ಳುತ್ತಿದ್ದರು, ನಿಜ. ಹೆದರುಪುಕ್ಕಲು ಅಂತ ಬೈಯುತ್ತಿದ್ದೆ.

ಸರಿ, ನಾನೂ ಒಂದು ಕೊಡುತ್ತೇನೆ. ಇಳಿಯುವುದನ್ನು ಬೆಂಚಿನಿಂದ ಶುರು ಮಾಡಬೇಡಿ. ಜಗಲಿಯ ಕೆಳಗಿನ ಮೆಟ್ಟಿಲು ಸಾಕು, ಒಂದು ಗೇಣು ಎತ್ತರ. "ಬೆಕ್ಕು ಇಳಿದ ಹಾಗೆ, ಸದ್ದು ಬರಬಾರದು" ಅನ್ನಿ. ಮಂಡಿ ಬಗ್ಗಿಸು ಅಂತ ಹೇಳುವುದೇ ಬೇಡ, ಸದ್ದು ಮಾಡದೆ ಇಳಿಯಲು ಹೋದರೆ ಬಗ್ಗುತ್ತದೆ. ಅಕ್ಟೋಬರ್ ಕಳೆದ ಮೇಲೆ ಕಡಲ ದಂಡೆಗೆ ಕರೆದುಕೊಂಡು ಹೋಗಿ. ಒದ್ದೆ ಹೊಯ್ಗೆಯ ಮೇಲೆ ಓಡಿಸಿ. ಹೆಜ್ಜೆ ಗುರುತನ್ನು ಮಗುವೇ ತಿರುಗಿ ನೋಡಲಿ. ಪಾದ ಹೊರಕ್ಕೆ ತಿರುಗಿದೆಯಾ, ಹಿಮ್ಮಡಿ ಮಾತ್ರ ಊರಿದೆಯಾ, ಎಲ್ಲ ಅದರಲ್ಲೇ ಬರೆದಿರುತ್ತದೆ. ನೀರಿನ ಕಡೆ ಮಾತ್ರ ಒಬ್ಬ ದೊಡ್ಡವರು ನಿಂತಿರಲೇಬೇಕು.

ಯಲ್ಲಾಪುರದವ:

ಮೇಷ್ಟ್ರೇ, ಇದನ್ನು ನನಗೆ ಎರಡನೇ ತರಗತಿಯಲ್ಲಿ ಹೇಳಿಕೊಡಬೇಕಿತ್ತು ನೀವು.

ಹಾಳೆಟೊಪ್ಪಿ:

ಜಗಲಿಗೆ ನನ್ನದೂ ಒಂದು. ಅಡಿಕೆ ಹಾಳೆ. ಒಬ್ಬ ಕೂರುವುದು, ಇನ್ನೊಬ್ಬ ಸೋಗೆಯ ತುದಿ ಹಿಡಿದು ಎಳೆಯುವುದು. ಕೂತವನಿಗೆ ಬೀಳದ ಹಾಗೆ ಸೊಂಟ ಗಟ್ಟಿ ಹಿಡಿಯಬೇಕು, ಎಳೆಯುವವನಿಗೆ ಕಾಲಿನ ಬಲ. ನಾವೆಲ್ಲ ಇದರಲ್ಲೇ ಚಡ್ಡಿ ಹರಿದುಕೊಂಡವರು. ಹಾಳೆಯನ್ನು ಕತ್ತರಿಸಿ ನೆಲಕ್ಕೆ ಹಾಕಿದರೆ ಹೊಳೆ ದಾಟುವ ಕಲ್ಲುಗಳಾಗುತ್ತವೆ, ಒಂದರಿಂದ ಒಂದಕ್ಕೆ ಜಿಗಿಯಬಹುದು. ಆದರೆ ಒದ್ದೆ ಜಗಲಿಯಲ್ಲಿ ಬೇಡ, ಜಾರಿ ಹಲ್ಲು ಮುರಿದೀತು. ಹೇಳಿದ್ದು ಯಾಕೆಂದರೆ, ನನ್ನ ಮುಂದಿನ ಹಲ್ಲು ನಿಜವಾದದ್ದಲ್ಲ.

ಎರಡು ಜಡೆ:

ಕಾಲುಚೀಲದ ಚೆಂಡು 6 ಮಾಡಿದೆ. ಮಗಳು ಹಿಂದಿನ ಗೋಡೆಗೆ ಹೊಡೆಯುತ್ತಿದ್ದಾಳೆ. ಕೆಂಪು ದಾರದ ಬದಲು ಜಡೆಯ ರಿಬ್ಬನ್ ಕಟ್ಟಿದೆ. ಪಕ್ಕದ ಮನೆಯವರು ಏನು ಸದ್ದು ಅಂತ ಬಂದು ಕೇಳಿದರು.

ಜಗಲಿ ಟೀಚರ್:

ಆ ಮೀನಿನ ಮರಿ ಅಂದ ಪಾಲಕರು ಮೊನ್ನೆ ಮಗನನ್ನು ಬಿಡಲು ಬಂದಿದ್ದರು. ನಾನೇನೂ ವಾದ ಮಾಡಲಿಲ್ಲ. ಎರಡು ದುಪಟ್ಟಾ ತುಂಡು ಕೈಗೆ ಕೊಟ್ಟು, ಮಗನ ಜೊತೆ ಹಾರಿಸಿ ಹಿಡಿಯಿರಿ ಅಂದೆ. ಅವರ ಕೈಗೆ ಐದರಲ್ಲಿ ಎರಡು ಸಿಕ್ಕಿತು. ಮಗನಿಗೆ ನಾಲ್ಕು. "ಗಾಳಿ ಇದೆ" ಅಂದರು. ಬಾಗಿಲು ಹಾಕಿದ್ದೆ.

ಹಾಳೆಟೊಪ್ಪಿಯವರೇ, ನಮ್ಮ ಕಡೆ ಅಡಿಕೆ ತೋಟ ಕಡಿಮೆ. 12 ಹಾಳೆ ಸಿಗಬಹುದಾ? ಅಗಲವಾದದ್ದು ಬೇಕು.

ಹಾಳೆಟೊಪ್ಪಿ:

ತೋಟದಲ್ಲಿ ಬಿದ್ದು ಕೊಳೆಯುತ್ತಿದೆ, 12 ಯಾಕೆ, 30 ಕೊಡುತ್ತೇನೆ. ಸೋಗೆ ಸಮೇತ ಬೇಕಾ, ಕತ್ತರಿಸಿಯಾ? ಶನಿವಾರ ಕುಮಟಾ ಬಸ್ಸಿಗೆ ಹಾಕಬಹುದು, ಘಟ್ಟದಲ್ಲಿ ಮರ ಬಿದ್ದಿರದಿದ್ದರೆ.

ಜಗಲಿ ಟೀಚರ್:

ಸೋಗೆ ಸಮೇತ. ಎಳೆಯಬೇಕಲ್ಲ.